ಮೂರನೇ ಔಷಧಿಯಿಂದ ಕೊಳೆ ಕಡಿಮೆಯಾಯಿತಾ? ಡೇಟಾದಿಂದ ಕಾರಣ-ಪರಿಣಾಮ ಕಲಿಯುವ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ನೂರಾರು ಅಡಿಕೆ ತೋಟಗಳ ಲೆಕ್ಕ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಯಾರು ಎಷ್ಟು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದರು, ಎಷ್ಟು ಮಳೆ ಬಿತ್ತು, ಎಷ್ಟು ಅಡಿಕೆ ಕೊಳೆರೋಗಕ್ಕೆ ಉದುರಿತು, ಎಲ್ಲ ಇದೆ. ಇದನ್ನು, ಡೇಟಾ ನೋಡಿ ಊಹಿಸಲು ಕಲಿಯುವ ಒಂದು ಮಷೀನ್ ಲರ್ನಿಂಗ್ ಮಾಡೆಲ್‌ಗೆ ಉಣಿಸಿದರೆ ಯಾವ ತೋಟಕ್ಕೆ ಕೊಳೆ ಬರುತ್ತದೆ ಎಂದು ಅದು ಚೆನ್ನಾಗಿಯೇ ಊಹಿಸಬಹುದು. ಆದರೆ ಅದೇ ಮಾಡೆಲ್ ಇನ್ನೊಂದು ಮಾತನ್ನೂ ಹೇಳುವ ಸಾಧ್ಯತೆ ಇದೆ: ಮೂರು ಸಲ ಔಷಧಿ ಹೊಡೆದ ತೋಟಗಳಲ್ಲೇ ಕೊಳೆ ಜಾಸ್ತಿ!

ತೋಟದವರ ಹತ್ತಿರ ಇದನ್ನು ಹೇಳಿ ನೋಡಿ. ಉತ್ತರ ತಕ್ಷಣ ಬರುತ್ತದೆ: "ಮಳೆ ಬಿಡದೇ ಇದ್ದಲ್ಲಿ, ಕೊಳೆ ಕಂಡಲ್ಲಿ ಅಲ್ವಾ ಮೂರನೇ ಸಲ ಹೊಡೆಯುವುದು?" ಈ ಮಾತು ಸ್ಪ್ರೆಡ್‌ಶೀಟ್‌ನ ಯಾವ ಕಾಲಂನಲ್ಲೂ ಇಲ್ಲ. ಎಷ್ಟೇ ದೊಡ್ಡ ಮಾಡೆಲ್ ತಂದರೂ ಅದು ತಾನಾಗಿ ಹುಟ್ಟುವುದಿಲ್ಲ. ಕಾರಣ ಹುಡುಕುವ ಕೆಲಸದಲ್ಲಿ ಮೊದಲು ಕೇಳಬೇಕಾದ್ದು ತೋಟದವರನ್ನು, ಆಮೇಲೆ ಕಂಪ್ಯೂಟರನ್ನು. ಈ ಬರಹದಲ್ಲಿ ಹೇಳುವ ಹಂತಗಳೆಲ್ಲ ಇದೇ ಕ್ರಮದಲ್ಲಿವೆ.

ರೋಗದ ಬಗ್ಗೆ ಹೊಸಬರಿಗೆ ಎರಡು ಮಾತು. ಕೊಳೆರೋಗ ತರುವುದು ಫೈಟಾಫ್ತೊರಾ ಎಂಬ, ಶಿಲೀಂಧ್ರದಂಥ ಜೀವಿ. ಎಡೆಬಿಡದ ಮಳೆ, ತಂಪು, ತೇವ ಅದಕ್ಕೆ ಬೇಕು. ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದನ್ನು ವಿವರವಾಗಿ ಅಧ್ಯಯನ ಮಾಡಿ ಬೋರ್ಡೋ ಬಳಕೆಯನ್ನು ತೋಟಗಳಿಗೆ ತಂದರು. ಇವತ್ತಿನ ಅಳತೆ ಇಷ್ಟು: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನ ಬಿಟ್ಟು. ಮಳೆ ಮುಂದುವರಿದರೆ ಮೂರನೆಯದು. ನಮ್ಮ ಪ್ರಶ್ನೆ ಈ ಮೂರನೆಯದರ ಬಗ್ಗೆ.

ಪ್ರಶ್ನೆಯನ್ನು ಬಿಗಿಯಾಗಿ ಕಟ್ಟಿ

"ಬೋರ್ಡೋ ಒಳ್ಳೆಯದಾ?" ಎಂದು ಕೇಳಿದರೆ ಡೇಟಾ ಉತ್ತರ ಕೊಡುವುದಿಲ್ಲ. ಹೀಗೆ ಕೇಳಿ: ಮೊದಲ ಎರಡು ಔಷಧಿ ಆದ ತೋಟದಲ್ಲಿ, ಆಗಸ್ಟ್ ತಿಂಗಳಲ್ಲಿ ಮೂರನೆಯದನ್ನು ಹೊಡೆದರೆ, ಹೊಡೆಯದೇ ಬಿಟ್ಟಿದ್ದಕ್ಕಿಂತ, ಅಕ್ಟೋಬರ್ ಕೊನೆಯೊಳಗೆ ಕೊಳೆಗೆ ಹೋಗುವ ಅಡಿಕೆ ಎಷ್ಟು ಕಡಿಮೆಯಾಗುತ್ತದೆ? ಇದರಲ್ಲಿ ಯಾರಿಗೆ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಯಾವಾಗ, ಏನನ್ನು ಅಳೆದು ಎನ್ನುವುದೆಲ್ಲ ಬಂತು. ಒಂದು ಬಿಟ್ಟು ಹೋದರೂ ಮುಂದೆ ತೊಡಕು.

ಕಷ್ಟ ಇರುವುದು "ಹೊಡೆಯದೇ ಬಿಟ್ಟಿದ್ದಕ್ಕಿಂತ" ಎಂಬಲ್ಲಿ. ಒಂದೇ ತೋಟ ಒಂದೇ ಮಳೆಗಾಲದಲ್ಲಿ ಹೊಡೆದೂ ಹೊಡೆಯದೆಯೂ ಇರಲಾರದು. ಎರಡರಲ್ಲಿ ಒಂದು ಫಲಿತಾಂಶ ಯಾವತ್ತೂ ಕಾಣುವುದಿಲ್ಲ. ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಕಟ್ಟಿದ ವಿಧಾನದ ಬುನಾದಿಯೇ ಇದು. ಆ ಕಾಣದ ಅರ್ಧವನ್ನು ಬೇರೆ ತೋಟಗಳಿಂದ ತುಂಬಿಕೊಳ್ಳಬೇಕು. ಹಾಗೆ ತುಂಬುವಾಗ ಯಾವ ತೋಟವನ್ನು ಯಾವುದಕ್ಕೆ ಹೋಲಿಸುತ್ತೇವೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಬಾಣ ಬರೆಯಿರಿ

ಒಂದು ದೊಡ್ಡ ಹಾಳೆ ತಗೊಳ್ಳಿ. ಅನುಭವ ಇರುವ ತೋಟದವರು ಇಬ್ಬರು ಮೂವರು, ಔಷಧಿ ಹೊಡೆಯುವ ಕೊನೆಗೌಡ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಯಾವುದರಿಂದ ಯಾವುದು ಬದಲಾಗುತ್ತದೆ ಎಂದು ಕೇಳುತ್ತಾ ಬಾಣ ಎಳೆಯಿರಿ. ಕಂಪ್ಯೂಟರ್ ವಿಜ್ಞಾನಿ ಜೂಡಿಯಾ ಪರ್ಲ್ ಈ ಬಾಣದ ಚಿತ್ರಗಳಿಗೆ ಗಟ್ಟಿ ಗಣಿತ ಕೊಟ್ಟರು. 2011ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂದಿದ್ದರ ಹಿಂದೆ ಈ ಕೆಲಸವೂ ಇದೆ. ಚಿತ್ರ ಎಷ್ಟೇ ಸಿಕ್ಕುಸಿಕ್ಕಾಗಿದ್ದರೂ ಒಳಗೆ ಇರುವುದು ಮೂರೇ ಆಕಾರ.

ಒಂದು, ಕವಲು. ಜೂನ್-ಜುಲೈ ಮಳೆಯಿಂದ ಮೂರನೇ ಔಷಧಿಗೆ ಒಂದು ಬಾಣ, ಕೊಳೆಗೆ ಇನ್ನೊಂದು ಬಾಣ. ಎರಡಕ್ಕೂ ಮೂಲ ಒಂದೇ ಆದ್ದರಿಂದ ಔಷಧಿ ಮತ್ತು ಕೊಳೆ ಜೊತೆಜೊತೆಯಾಗಿ ಏರುತ್ತವೆ. ಔಷಧಿಯ ತಪ್ಪು ಏನೂ ಇಲ್ಲ. ಇಂಥ ಮೂಲವನ್ನು ಲೆಕ್ಕದಲ್ಲಿ ಸಮ ಮಾಡಲೇಬೇಕು, ಅಂದರೆ ಅದು ಒಂದೇ ಥರ ಇರುವ ತೋಟಗಳನ್ನೇ ಒಂದಕ್ಕೊಂದು ಹೋಲಿಸಬೇಕು. ಜುಲೈ ಕೊನೆಗೆ ತೋಟದಲ್ಲಿ ಆಗಲೇ ಕಂಡ ಕೊಳೆಯೂ ಇಂಥದ್ದೇ.

ಎರಡು, ಸರಪಳಿ. ಔಷಧಿ ಹೊಡೆದರೆ ಸೆಪ್ಟೆಂಬರ್‌ನಲ್ಲಿ ಉದುರುವ ಕೊಳೆ ಅಡಿಕೆ ಕಡಿಮೆಯಾಗುತ್ತದೆ, ಅದರಿಂದ ಕೊನೆಗೆ ಒಟ್ಟು ನಷ್ಟ ಕಡಿಮೆಯಾಗುತ್ತದೆ. ಸೆಪ್ಟೆಂಬರ್ ಲೆಕ್ಕವನ್ನು ಮಾಡೆಲ್‌ಗೆ ಹಾಕಿದರೆ ಔಷಧಿಯ ಗುಣವನ್ನೇ ನುಂಗಿ ಹಾಕಿದ ಹಾಗೆ. ಹಾಗಾಗಿ ಔಷಧಿ ಹೊಡೆದ ನಂತರ ಅಳೆದ ಯಾವುದನ್ನೂ ಸುಮ್ನೆ ಸೇರಿಸಬೇಡಿ. ಇರುವ ಕಾಲಂ ಎಲ್ಲ ಮಾಡೆಲ್‌ಗೆ ಹಾಕುವ ಅಭ್ಯಾಸ ಊಹೆಯ ಕೆಲಸದಲ್ಲಿ ನಡೆಯುತ್ತದೆ, ಇಲ್ಲಿ ಕೆಡಿಸುತ್ತದೆ.

ಮೂರು, ಕೂಡು. ಇದೇ ಎಲ್ಲರನ್ನೂ ಯಾಮಾರಿಸುವುದು. ಮಳೆಯಿಂದಲೂ ಕೊಳೆಗೆ ಬಾಣ, ಕೆಟ್ಟ ಬಸಿಗಾಲುವೆಯಿಂದಲೂ ಕೊಳೆಗೆ ಬಾಣ. ಮಳೆಗೂ ಬಸಿಗಾಲುವೆಯ ಸ್ಥಿತಿಗೂ ಸಂಬಂಧ ಇಲ್ಲ ಎಂದುಕೊಳ್ಳಿ. ಈಗ ಕೊಳೆ ಬಂದ ತೋಟಗಳನ್ನಷ್ಟೇ ಆರಿಸಿ ನೋಡಿ. ಮಳೆ ಕಡಿಮೆ ಇದ್ದೂ ಕೊಳೆ ಬಂದಿದೆ ಅಂದರೆ ಬಸಿಗಾಲುವೆ ಕೆಟ್ಟಿರುವ ಸಾಧ್ಯತೆ ಜಾಸ್ತಿ, ಅಲ್ವಾ? ಇಲ್ಲದ ಸಂಬಂಧ ನಮ್ಮ ಆಯ್ಕೆಯಿಂದಲೇ ಹುಟ್ಟಿತು. ಕೊಳೆ ನಷ್ಟಕ್ಕೆ ಪರಿಹಾರದ ಅರ್ಜಿ ಹಾಕಿದವರ ಪಟ್ಟಿಯಿಂದ ಮಾತ್ರ ಡೇಟಾ ತಂದರೆ ಆಗುವುದು ಇದೇ. ಡೇಟಾ ಎಲ್ಲಿಂದ ಬಂತು, ಯಾರು ಅದರಲ್ಲಿ ಬಿಟ್ಟು ಹೋದರು ಎನ್ನುವುದಕ್ಕೂ ಚಿತ್ರದಲ್ಲಿ ಜಾಗ ಕೊಡಿ.

ಚಿತ್ರ ಮುಗಿದ ಮೇಲೆ ಡ್ಯಾಗಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಬರೆದರೆ, ಯಾವ ಯಾವ ಅಂಶವನ್ನು ಸಮ ಮಾಡಿದರೆ ಸಾಕು ಎಂದು ಅದೇ ಹೇಳುತ್ತದೆ. ನಮ್ಮ ಚಿತ್ರದಲ್ಲಿ ಸಾಮಾನ್ಯವಾಗಿ ಉಳಿಯುವುದು ಇಷ್ಟು: ಆಗಸ್ಟ್‌ವರೆಗಿನ ಮಳೆ, ಜುಲೈನಲ್ಲಿ ಕಂಡ ಕೊಳೆ, ಕಳೆದ ವರ್ಷದ ಕೊಳೆ, ಬಸಿಗಾಲುವೆಯ ಸ್ಥಿತಿ, ಮರಗಳ ವಯಸ್ಸು, ಮಾಲೀಕರ ಕೈಯಲ್ಲಿರುವ ಹಣ.

ಬಾಣವನ್ನು ಮಷೀನೇ ಹುಡುಕಲಾರದೇ?

ಸ್ವಲ್ಪ ಮಟ್ಟಿಗೆ ಹುಡುಕಬಲ್ಲದು. ಎಷ್ಟು ಮಟ್ಟಿಗೆ ಎಂದು ಗೊತ್ತಿರಬೇಕು.

ಪೀಟರ್ ಸ್ಪಿರ್ಟಿಸ್ ಮತ್ತು ಕ್ಲಾರ್ಕ್ ಗ್ಲೈಮೋರ್ ರೂಪಿಸಿದ ಪಿಸಿ ಅಲ್ಗಾರಿದಮ್ (ಹಂತ ಹಂತದ ಲೆಕ್ಕದ ವಿಧಾನ) ಇದರಲ್ಲಿ ಹಳೆಯದು. ಹೆಸರು ಬಂದಿದ್ದು ಇಬ್ಬರ ಹೆಸರಿನ ಮೊದಲಕ್ಷರಗಳಿಂದ. ಅದು ಮೊದಲು ಎಲ್ಲ ಅಂಶಗಳ ನಡುವೆಯೂ ಗೆರೆ ಎಳೆಯುತ್ತದೆ. ಆಮೇಲೆ ಒಂದೊಂದೇ ಜೋಡಿಯನ್ನು ಪರೀಕ್ಷಿಸುತ್ತದೆ. ಮೂರನೆಯ ಅಂಶವನ್ನು ಸಮ ಮಾಡಿದಾಗ ಎರಡರ ನಡುವಿನ ಸಂಬಂಧ ಮಾಯವಾದರೆ ಆ ಗೆರೆ ಅಳಿಸುತ್ತದೆ. ಉಳಿದ ಗೆರೆಗಳಲ್ಲಿ ಮೊದಲು "ಕೂಡು" ಆಕಾರಗಳನ್ನು ಹುಡುಕಿ ಅವುಗಳಿಗೆ ಬಾಣದ ತುದಿ ಹಾಕುತ್ತದೆ. ಮಳೆ ಮತ್ತು ಬಸಿಗಾಲುವೆಗೆ ನೇರ ಸಂಬಂಧ ಇಲ್ಲ, ಆದರೆ ಕೊಳೆಯನ್ನು ಸಮ ಮಾಡಿದ ಕೂಡಲೇ ಸಂಬಂಧ ಕಾಣುತ್ತದೆ. ಈ ಗುರುತು ಬೇರೆ ಯಾವ ಆಕಾರಕ್ಕೂ ಇಲ್ಲ.

ಸರಪಳಿ ಮತ್ತು ಕವಲಿನ ವಿಷಯ ಹಾಗಲ್ಲ. ಎರಡೂ ಡೇಟಾದಲ್ಲಿ ಬಿಡುವ ಗುರುತು ಒಂದೇ. ಎಷ್ಟು ಲಕ್ಷ ಸಾಲು ಡೇಟಾ ತಂದರೂ ಈ ಪರೀಕ್ಷೆಗಳಿಂದ ಅವನ್ನು ಬೇರೆ ಮಾಡಲಾಗುವುದಿಲ್ಲ. ಹಾಗಾಗಿ ಪಿಸಿ ಕೊಡುವ ಚಿತ್ರದಲ್ಲಿ ಕೆಲವು ಗೆರೆಗಳಿಗೆ ಬಾಣದ ತುದಿಯೇ ಇರುವುದಿಲ್ಲ. ಅದು ಆ ವಿಧಾನದ ಪ್ರಾಮಾಣಿಕತೆ ಎಂದೇ ನಾನು ತಿಳಿಯುತ್ತೇನೆ. ಕಾಣದ ಕಾರಣ ಯಾವುದೂ ಹೊರಗೆ ಉಳಿದಿಲ್ಲ ಎಂದೂ ಪಿಸಿ ನಂಬಿಕೊಂಡಿರುತ್ತದೆ. ಆ ನಂಬಿಕೆ ಕಷ್ಟ ಅನ್ನಿಸಿದರೆ ಎಫ್‌ಸಿಐ ಎಂಬ ಅದರ ಇನ್ನೊಂದು ರೂಪ ಇದೆ. "ಇಲ್ಲಿ ಕಾಣದ ಮೂಲ ಇರಬಹುದು" ಎಂದು ಅದು ಗುರುತು ಹಾಕಿ ಕೊಡುತ್ತದೆ.

2018ರಲ್ಲಿ ಬಂದ ನೋಟಿಯರ್ಸ್ ಎಂಬ ವಿಧಾನ ಇಡೀ ಚಿತ್ರವನ್ನೇ ಒಂದು ಗಣಿತದ ಸಮಸ್ಯೆ ಮಾಡಿ ಬಿಡಿಸುತ್ತದೆ. ವೇಗ ಜಾಸ್ತಿ, ನೋಡಲು ಚೆಂದ. ಆದರೆ ಅಳತೆಯ ಮಾನ ಬದಲಿಸಿದರೆ ಅದರ ಬಾಣಗಳೂ ಬದಲಾಗಬಹುದು. ಮಳೆಯನ್ನು ಮಿಲಿಮೀಟರ್ ಬಿಟ್ಟು ಸೆಂಟಿಮೀಟರ್‌ನಲ್ಲಿ ಬರೆದ ಮಾತ್ರಕ್ಕೆ ಕಾರಣ ಬದಲಾಗಬಾರದು. ಅದನ್ನು ಬಳಸುವವರು ಈ ಪರೀಕ್ಷೆಯನ್ನು ಮೊದಲು ಮಾಡಿ.

ಪಿಸಿ, ಎಫ್‌ಸಿಐ ಎರಡನ್ನೂ ಪ್ರಯತ್ನಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಾಸಲ್-ಲರ್ನ್ ಲೈಬ್ರರಿ (ಸಿದ್ಧ ಪ್ರೋಗ್ರಾಂಗಳ ಕಟ್ಟು) ಸಾಕು. ಓಡಿಸುವ ಮುಂಚೆ ಖಚಿತವಾಗಿ ಗೊತ್ತಿರುವುದನ್ನು ಅದಕ್ಕೆ ಹೇಳಿಬಿಡಿ: ಔಷಧಿಯಿಂದ ಮಳೆಗೆ ಬಾಣ ಇಲ್ಲ, ಆಗಸ್ಟ್‌ನಿಂದ ಜುಲೈಗೆ ಬಾಣ ಇಲ್ಲ. ಇಷ್ಟು ಹೇಳಿದರೇ ಎಷ್ಟೋ ತುದಿ ಇಲ್ಲದ ಗೆರೆಗಳಿಗೆ ದಿಕ್ಕು ಸಿಗುತ್ತದೆ. ಆಮೇಲೆ ಡೇಟಾದ ಸಾಲುಗಳನ್ನು ಮತ್ತೆ ಮತ್ತೆ ಚೀಟಿ ಎತ್ತಿದಂತೆ ಆರಿಸಿ, ಪ್ರತಿ ಸಲವೂ ಚಿತ್ರ ಬರೆಯಿಸಿ. ಪದೇ ಪದೇ ಬರುವ ಬಾಣವನ್ನು ಮಾತ್ರ ಹಾಳೆಯ ಚಿತ್ರದ ಪಕ್ಕ ಇಟ್ಟು ನೋಡಿ. ಎರಡೂ ಒಪ್ಪದ ಕಡೆ ತೋಟದವರ ಜೊತೆ ಮತ್ತೊಮ್ಮೆ ಕೂತು ಮಾತಾಡಿ. ನನ್ನ ಮಟ್ಟಿಗೆ ಈ ಅಲ್ಗಾರಿದಮ್‌ಗಳ ದೊಡ್ಡ ಉಪಯೋಗ ಇದೇ: ಕೇಳಬೇಕಾದ ಪ್ರಶ್ನೆಗಳನ್ನು ಅವು ಎತ್ತಿಕೊಡುತ್ತವೆ.

ಡೇಟಾ ಕೂಡಿಸುವಾಗ

ಪ್ರತಿ ಅಂಶಕ್ಕೂ ತಾರೀಖು ಬೇಕು. "ಮೂರು ಸಲ ಹೊಡೆದಿದೆ" ಎಂದರೆ ಸಾಲದು, ಯಾವಾಗ ಎಂದು ಬೇಕು. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಲೆಕ್ಕ ಸಿಗುತ್ತದೆ. ಆದರೆ ಗುಡ್ಡದ ಈಚೆ ಆಚೆ ಮಳೆ ಬೇರೆ ಇರುವ ಊರುಗಳು ನಮ್ಮವು. ಮನೆಯಲ್ಲೇ ಮಳೆ ಅಳೆದು ಬರೆದಿಡುವವರು ಸಿಕ್ಕಿದರೆ ಬಿಡಬೇಡಿ. ಕೊಳೆಯನ್ನು ಅಂದಾಜಿನಲ್ಲಿ ಕೇಳುವ ಬದಲು, ಪ್ರತಿ ತೋಟದಲ್ಲೂ ಕೆಲವು ಮರ ಗುರುತು ಮಾಡಿ ಅವುಗಳ ಕೊನೆ (ಅಡಿಕೆ ಗೊನೆ) ಮತ್ತು ಕೆಳಗೆ ಬಿದ್ದ ಅಡಿಕೆ ಎಣಿಸುವುದು ಒಳ್ಳೆಯದು.

ಇನ್ನೊಂದು ತೊಡಕು ನಮ್ಮ ಕಡೆ ಜಾಸ್ತಿ. ಒಂದೇ ಕಣಿವೆಯಲ್ಲಿ ತೋಟಗಳು ಒಂದಕ್ಕೊಂದು ತಾಗಿಕೊಂಡಿವೆ. ಮಳೆ ಹನಿ, ಗಾಳಿಯ ಜೊತೆ ರೋಗ ಬೇಲಿ ದಾಟುತ್ತದೆ. ಪಕ್ಕದವರು ಔಷಧಿ ಹೊಡೆದರೆ ನಿಮಗೂ ಲಾಭ, ಅವರು ಬಿಟ್ಟರೆ ನಿಮಗೂ ನಷ್ಟ. ಆದರೆ ಸಾಮಾನ್ಯ ವಿಧಾನಗಳೆಲ್ಲ ಒಂದು ತೋಟದ ಫಲ ಆ ತೋಟದ ಔಷಧಿಗೆ ಮಾತ್ರ ಸಂಬಂಧಿಸಿದ್ದು ಎಂದು ನಂಬುತ್ತವೆ. ಪಕ್ಕದ ತೋಟಗಳ ಔಷಧಿಯನ್ನೂ ಒಂದು ಕಾಲಂ ಮಾಡಿ, ಇಲ್ಲವೇ ಇಡೀ ಕಣಿವೆಯನ್ನೇ ಒಂದು ಘಟಕ ಎಂದು ಹಿಡಿಯಿರಿ.

ಹೋಲಿಸಲು ಎರಡೂ ಬಗೆ ಇದೆಯಾ?

ಒಂದು ಭಾಗದಲ್ಲಿ ಎಲ್ಲರೂ ಮೂರನೇ ಔಷಧಿ ಹೊಡೆದಿದ್ದರೆ, ಹೊಡೆಯದಿದ್ದರೆ ಏನಾಗುತ್ತಿತ್ತು ಎಂದು ಆ ಭಾಗದ ಡೇಟಾ ಹೇಳಲಾರದು. ಕಾರವಾರದ ಮೀನು ಮಾರುಕಟ್ಟೆ ನೆನಪಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಜೋರು ಮಳೆ, ಕಡಲಿನ ಅಬ್ಬರ ಇರುವುದೂ ಅದೇ ಎರಡು ತಿಂಗಳು. ಆಗ ದರ ಏರಿದರೆ ನಿಷೇಧದಿಂದ ಎಷ್ಟು, ಮಳೆಯಿಂದ ಎಷ್ಟು ಎಂದು ನಮ್ಮ ಕರಾವಳಿಯ ಡೇಟಾ ಒಂದರಿಂದಲೇ ಬಿಡಿಸುವುದು ಕಷ್ಟ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಲ್ಲಿ ನಿಷೇಧದ ಹೆಚ್ಚಿನ ದಿನಗಳು ಬೇಸಿಗೆಯಲ್ಲೇ ಮುಗಿಯುತ್ತವೆ. ಅಂಥ ಹೋಲಿಕೆ ಹುಡುಕಬೇಕು. ಸಿಗದಿದ್ದರೆ ಆ ಭಾಗವನ್ನು ಲೆಕ್ಕದಿಂದ ಬಿಟ್ಟು, ಬಿಟ್ಟಿದ್ದೇವೆ ಎಂದು ಬರೆಯಬೇಕು.

ಮೊದಲು ಕೈಲೆಕ್ಕ

ಈಗಲೂ ಕಂಪ್ಯೂಟರ್ ಬೇಡ. ಲೆಕ್ಕ ತೋರಿಸಲೆಂದೇ ಕಟ್ಟಿದ ಸಂಖ್ಯೆಗಳನ್ನು ನೋಡಿ. ಒಟ್ಟು 200 ತೋಟ. ಮಳೆ ಜಾಸ್ತಿ ಇರುವ 100ರಲ್ಲಿ 80 ತೋಟ ಮೂರನೇ ಔಷಧಿ ಹೊಡೆದವು, ಅಲ್ಲಿ ಕೊಳೆ ಶೇ. 20. ಹೊಡೆಯದ 20ರಲ್ಲಿ ಶೇ. 30. ಮಳೆ ಕಡಿಮೆ ಇರುವ 100ರಲ್ಲಿ ಹೊಡೆದದ್ದು 20 ತೋಟ, ಕೊಳೆ ಶೇ. 5. ಹೊಡೆಯದ 80ರಲ್ಲಿ ಶೇ. 10.

ಮಳೆ ಮರೆತು ಸರಾಸರಿ ತೆಗೆದರೆ, ಹೊಡೆದ ತೋಟಗಳಲ್ಲಿ ಕೊಳೆ ಶೇ. 17, ಹೊಡೆಯದ ತೋಟಗಳಲ್ಲಿ ಶೇ. 14. ಔಷಧಿಯೇ ಕೊಳೆ ತಂದಂತೆ ಕಾಣುತ್ತದೆ! ಮಳೆ ಪ್ರಕಾರ ಬೇರೆ ಮಾಡಿದರೆ ಒಂದು ಕಡೆ ಶೇಕಡಾ 10 ಅಂಶ ಇಳಿಕೆ, ಇನ್ನೊಂದು ಕಡೆ 5 ಅಂಶ. ಎರಡೂ ಗುಂಪು ಸಮ ಇರುವುದರಿಂದ ಸರಾಸರಿ ಇಳಿಕೆ 7.5 ಅಂಶ. ಡೇಟಾ ಒಂದೇ, ಉತ್ತರ ತಿರುಗುಮುರುಗು. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಯಾವ ಉತ್ತರ ಸರಿ ಎಂದು ಸಂಖ್ಯೆಗಳು ಹೇಳಲಿಲ್ಲ. ಮಳೆಯಿಂದ ಔಷಧಿಗೆ ಎಳೆದ ಬಾಣ ಹೇಳಿತು.

ಮಷೀನ್ ಲರ್ನಿಂಗ್ ಬರುವುದು ಇಲ್ಲಿ

ಸಮ ಮಾಡಬೇಕಾದ ಅಂಶ ಒಂದೇ ಇದ್ದರೆ ಕೈಲೆಕ್ಕ ಸಾಕು. ಹತ್ತು ಹದಿನೈದು ಇದ್ದರೆ ಗುಂಪು ಮಾಡುತ್ತಾ ಹೋದಂತೆ ಒಂದೊಂದು ಗುಂಪಿನಲ್ಲಿ ಒಂದೆರಡು ತೋಟ ಉಳಿಯುತ್ತದೆ. 1983ರಲ್ಲಿ ರೋಸೆನ್‌ಬಾಮ್ ಮತ್ತು ರೂಬಿನ್ ಒಂದು ದಾರಿ ತೋರಿಸಿದರು. ಒಂದು ತೋಟ ಔಷಧಿ ಹೊಡೆಯುವ ಸಂಭವ ಎಷ್ಟು ಎಂದು ಮೊದಲು ಊಹಿಸಿ. ಸಂಭವ ಒಂದೇ ಇರುವ, ಆದರೆ ಒಬ್ಬರು ಹೊಡೆದು ಇನ್ನೊಬ್ಬರು ಬಿಟ್ಟ ತೋಟಗಳನ್ನು ಹೋಲಿಸಿ. ಇದಕ್ಕೆ ಪ್ರೊಪೆನ್ಸಿಟಿ ಸ್ಕೋರ್ ಎಂದು ಹೆಸರು.

ಇದಕ್ಕಿಂತ ಮುಂದಿನದು ಡಬಲ್ ಮಷೀನ್ ಲರ್ನಿಂಗ್. ಚೆರ್ನೊಝುಕೊವ್ ಮತ್ತು ಜೊತೆಗಾರರು ಇದನ್ನು 2018ರಲ್ಲಿ ಪ್ರಕಟಿಸಿದರು. ಇಲ್ಲಿ ಎರಡು ಮಾಡೆಲ್ ಕಲಿಸುತ್ತೀರಿ. ಒಂದು ಮಳೆ, ಮಣ್ಣು, ಹಳೆಯ ಕೊಳೆ ಎಲ್ಲ ನೋಡಿ ಔಷಧಿ ಹೊಡೆಯುತ್ತಾರಾ ಎಂದು ಊಹಿಸುತ್ತದೆ. ಇನ್ನೊಂದು ಅವೇ ಅಂಶಗಳಿಂದ ಕೊಳೆ ಎಷ್ಟು ಎಂದು ಊಹಿಸುತ್ತದೆ. ಮಾಡೆಲ್‌ನ ಬಗೆ ರ‍್ಯಾಂಡಮ್ ಫಾರೆಸ್ಟ್ ಆಗಬಹುದು, ಬೂಸ್ಟಿಂಗ್ ಆಗಬಹುದು. ಎರಡರಲ್ಲೂ ಊಹೆಗೆ ಸಿಗದೆ ಉಳಿದದ್ದನ್ನು ತೆಗೆದಿಡಿ. ಮಳೆಗೆ ಹೋಲಿಸಿದರೆ ನಿರೀಕ್ಷೆಗಿಂತ ಜಾಸ್ತಿ ಔಷಧಿ ಹೊಡೆದವರಲ್ಲಿ ಕೊಳೆಯೂ ನಿರೀಕ್ಷೆಗಿಂತ ಕಡಿಮೆ ಇದೆಯಾ? ಆ ಎರಡು ಉಳಿಕೆಗಳ ಸಂಬಂಧವೇ ನಮಗೆ ಬೇಕಾದ ಉತ್ತರ. ಒಂದು ಎಚ್ಚರ: ಒಂದು ಭಾಗದ ತೋಟಗಳಿಂದ ಮಾಡೆಲ್ ಕಲಿಸಿ, ಇನ್ನೊಂದು ಭಾಗದ ಉಳಿಕೆ ತೆಗೆಯಿರಿ, ಆಮೇಲೆ ಅದಲುಬದಲು ಮಾಡಿ. ಕಲಿತ ತೋಟದ ಮೇಲೇ ಪರೀಕ್ಷಿಸಿದರೆ ಮಾಡೆಲ್ ಬಾಯಿಪಾಠ ಒಪ್ಪಿಸುತ್ತದೆ.

ಯಾವ ತೋಟಕ್ಕೆ ಔಷಧಿಯಿಂದ ಹೆಚ್ಚು ಲಾಭ ಎಂದು ಬೇಕಿದ್ದರೆ ಕಾಸಲ್ ಫಾರೆಸ್ಟ್ ಎಂಬ ವಿಧಾನ ಇದೆ. ಸ್ಟೆಫಾನ್ ವೇಗರ್, ಸೂಸನ್ ಏಥಿ ಅವರದು. ಡಬಲ್ ಮಷೀನ್ ಲರ್ನಿಂಗ್ ಮತ್ತು ಕಾಸಲ್ ಫಾರೆಸ್ಟ್ ಎರಡೂ ಈಕಾನ್‌ಎಮ್‌ಎಲ್ ಲೈಬ್ರರಿಯಲ್ಲಿ ಸಿಗುತ್ತವೆ. ಸಾಮಾನ್ಯ ಮಾಡೆಲ್‌ನ "ಮುಖ್ಯ ಅಂಶಗಳ ಪಟ್ಟಿ"ಯನ್ನು ಮಾತ್ರ ಕಾರಣಗಳ ಪಟ್ಟಿ ಎಂದು ಓದಬೇಡಿ. ಅದು ಊಹೆಗೆ ಯಾವುದು ನೆರವಾಯಿತು ಎಂದಷ್ಟೇ ಹೇಳುತ್ತದೆ.

ಕಾಣದ ಕಾರಣ ಉಳಿದಿದ್ದರೆ: ಕೊನೆಗೌಡರ ಸರದಿ

ಕೆಲವು ಕಾರಣಗಳನ್ನು ಅಳೆಯಲಾಗುವುದಿಲ್ಲ. ಮಾಲೀಕರ ಶ್ರದ್ಧೆಯನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ? ಶ್ರದ್ಧೆ ಇರುವವರು ಔಷಧಿಯನ್ನೂ ಹೊಡೆಯುತ್ತಾರೆ, ಬಿದ್ದ ಕೊಳೆ ಅಡಿಕೆಯನ್ನೂ ಹೆಕ್ಕಿ ತೆಗೆಯುತ್ತಾರೆ.

ಇಲ್ಲಿ ನಮ್ಮ ಊರಿನ ಒಂದು ತೊಂದರೆಯೇ ನೆರವಿಗೆ ಬರಬಹುದು. ಮಳೆ ಹೊಳವಾದ (ಬಿಡುವು ಕೊಟ್ಟ) ಕೆಲವೇ ದಿನಗಳಲ್ಲಿ ಇಡೀ ಊರಿನ ಔಷಧಿ ಆಗಬೇಕು, ಕೊನೆಗೌಡರು ಬೆರಳೆಣಿಕೆ. ಸರದಿ ಬರುವಷ್ಟರಲ್ಲಿ ಮತ್ತೆ ಮಳೆ ಹಿಡಿದರೆ ಆ ತೋಟಕ್ಕೆ ಮೂರನೇ ಔಷಧಿ ತಪ್ಪಿತು. ಸರದಿ ಯಾವ ಕ್ರಮದಲ್ಲಿ ಬಂತು ಎನ್ನುವುದಕ್ಕೂ ಮಾಲೀಕರ ಶ್ರದ್ಧೆಗೂ ಸಂಬಂಧ ಇಲ್ಲದಿದ್ದರೆ, ಆ ಸರದಿಯೇ ಚೀಟಿ ಎತ್ತಿದ ಹಾಗೆ ಕೆಲಸ ಮಾಡುತ್ತದೆ. ಇಂಥದ್ದಕ್ಕೆ ಇನ್‌ಸ್ಟ್ರುಮೆಂಟಲ್ ವೇರಿಯಬಲ್ ಎಂದು ಹೆಸರು. ಇಂಥ ಸಹಜ ಪ್ರಯೋಗಗಳಿಂದ ಏನನ್ನು ತಿಳಿಯಬಹುದು ಎಂದು ತೋರಿಸಿದ ಜೋಶುವಾ ಆಂಗ್ರಿಸ್ಟ್ ಮತ್ತು ಗೀಡೊ ಇಂಬೆನ್ಸ್ 2021ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಇಬ್ಬರು.

ಆದರೆ ಕೇಳಿ ತಿಳಿಯಬೇಕು. ಕೊಳೆ ಕಂಡವರ ತೋಟಕ್ಕೆ ಮೊದಲು ಹೋಗುತ್ತಾರಾ? ದೊಡ್ಡ ತೋಟಕ್ಕೆ ಮೊದಲು ಹೋಗುತ್ತಾರಾ? ಹೌದಾದರೆ ಈ ದಾರಿ ಮುಚ್ಚಿತು. ಕಾರ್ಬನ್ ಫೈಬರ್ ದೋಟಿ ಇಟ್ಟುಕೊಂಡು ನೆಲದಿಂದಲೇ ಹೊಡೆಯುವವರಿಗೆ ಸರದಿಯ ಹಂಗಿಲ್ಲ. ಹಾಗಾಗಿ ಬರುವ ಉತ್ತರ ಸರದಿ ಕಾಯುವ ತೋಟಗಳಿಗೆ ಮಾತ್ರ ಸೇರಿದ್ದು.

ಉತ್ತರವನ್ನು ಕೆಡವಲು ನೋಡಿ

ಡೂವೈ ಎಂಬ ಪೈಥಾನ್ ಲೈಬ್ರರಿ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ್ದು. ಚಿತ್ರ ಬರೆ, ಉತ್ತರ ಸಿಗುತ್ತದಾ ನೋಡು, ಲೆಕ್ಕ ಮಾಡು, ಕೆಡವಲು ಪ್ರಯತ್ನಿಸು ಎಂಬ ನಾಲ್ಕು ಹೆಜ್ಜೆ ಅದರದು. ನಾಲ್ಕನೆಯದನ್ನು ಬಿಡಲೇಬೇಡಿ.

ಔಷಧಿಯ ಕಾಲಂ ಅನ್ನು ಕಲಸಿ ಯಾರ ಔಷಧಿಯನ್ನೋ ಯಾರಿಗೋ ಹಚ್ಚಿ. ಪರಿಣಾಮ ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಲೆಕ್ಕದಲ್ಲೇ ದೋಷ ಇದೆ. ನನಗೆ ಬಹಳ ಮೆಚ್ಚುಗೆಯಾದ ಪರೀಕ್ಷೆ ಇನ್ನೊಂದು. ಕಳೆದ ವರ್ಷದ ಕೊಳೆಯನ್ನು ಸಮ ಮಾಡುವ ಪಟ್ಟಿಯಿಂದ ತೆಗೆದು, ಅದನ್ನೇ ಫಲಿತಾಂಶ ಎಂದು ಇಟ್ಟು ಓಡಿಸಿ. ಈ ಆಗಸ್ಟ್‌ನ ಔಷಧಿ ಕಳೆದ ವರ್ಷದ ಕೊಳೆಯನ್ನು ತಗ್ಗಿಸಲು ಸಾಧ್ಯವೇ ಇಲ್ಲ. ಆದರೂ ಪರಿಣಾಮ ಕಂಡರೆ, ಉಳಿದ ಅಂಶಗಳಷ್ಟರಿಂದ ತೋಟಗಳು ಸಮ ಆಗಿಲ್ಲ, ಇನ್ನೂ ಏನೋ ಹೊರಗಿದೆ ಎಂದರ್ಥ. ಹಾಗೆಯೇ, ಕಾಣದ ಕಾರಣ ಎಷ್ಟು ಬಲವಾಗಿದ್ದರೆ ನಮ್ಮ ಉತ್ತರ ಸೊನ್ನೆಯಾಗುತ್ತದೆ ಎಂದೂ ಲೆಕ್ಕ ಹಾಕಿ. ಮಳೆಗಿಂತ ಬಲವಾದ ಕಾಣದ ಕಾರಣ ಬೇಕು ಎಂದಾದರೆ ಉತ್ತರ ಗಟ್ಟಿ.

ಚೀಟಿ ಎತ್ತಲು ಸಾಧ್ಯವಾದರೆ

ಎತ್ತಿ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಚೀಟಿ ಎತ್ತಿ ಪ್ರಯೋಗ ಮಾಡುವ ಈ ವಿಧಾನವನ್ನು ಬೆಳೆಸಿದ್ದು ಹೊಲಗಳಿಗಾಗಿಯೇ. ಯಾವ ಸಾಲಿಗೆ ಮೂರನೇ ಔಷಧಿ ಎಂದು ಚೀಟಿ ತೀರ್ಮಾನಿಸಲಿ. ಹೊಡೆದ ಮತ್ತು ಬಿಟ್ಟ ಸಾಲುಗಳ ಮಧ್ಯೆ ಲೆಕ್ಕಕ್ಕೆ ಹಿಡಿಯದ ಒಂದೆರಡು ಸಾಲು ಇರಲಿ, ರೋಗ ಹಾರುತ್ತದೆ. ಮಾಲೀಕರಿಗೇ ಹೊಡೆಯಬೇಕಾ ಬೇಡವಾ ಎಂದು ಅನುಮಾನ ಇರುವ ತೋಟದಲ್ಲಿ ಮಾತ್ರ ಇದನ್ನು ಮಾಡಿ. ಕೊಳೆ ಎದ್ದ ತೋಟದಲ್ಲಿ ಪ್ರಯೋಗಕ್ಕಾಗಿ ಔಷಧಿ ತಪ್ಪಿಸುವುದು ಅನ್ಯಾಯ, ಅದು ಒಂದು ಮನೆಯ ವರ್ಷದ ದುಡಿಮೆ.

ಉತ್ತರ ಹೇಳುವ ರೀತಿ

ಒಂದೇ ಸಂಖ್ಯೆ ಹೇಳಬೇಡಿ, ಎಷ್ಟರಿಂದ ಎಷ್ಟರವರೆಗೆ ಇರಬಹುದು ಎಂದು ಹೇಳಿ. ಮಳೆ ಜಾಸ್ತಿ ಇರುವ ತೋಟಕ್ಕೆ ಬೇರೆ, ಕಡಿಮೆ ಇರುವ ತೋಟಕ್ಕೆ ಬೇರೆ ಹೇಳಿ. ಔಷಧಿಯ ಖರ್ಚು, ಕೂಲಿ ಕಳೆದ ಮೇಲೆ ಎಷ್ಟು ಉಳಿಯುತ್ತದೆ ಎಂದೂ ಹೇಳಿ. ಘಟ್ಟದ ಮೇಲಿನ ಡೇಟಾದ ಉತ್ತರವನ್ನು ಹೊನ್ನಾವರ, ಕುಮಟಾದ ತೋಟಗಳಿಗೆ ಹಾಗೇ ದಾಟಿಸಬೇಡಿ. ಅಲ್ಲಿಯ ಮಳೆ ಬೇರೆ, ತೋಟ ಬೇರೆ. ಬಾಣದ ಚಿತ್ರವನ್ನು ಉತ್ತರದ ಜೊತೆಗೇ ಕೊಡಿ. ಯಾವ ಬಾಣ ಡೇಟಾದಿಂದ ಬಂತು, ಯಾವುದು ಯಾರ ಅನುಭವದಿಂದ ಬಂತು ಎಂದು ಪಕ್ಕದಲ್ಲಿ ಬರೆಯಿರಿ. ಮೇ ತಿಂಗಳಲ್ಲಿ, ಮೊದಲ ಔಷಧಿಗೆ ಮೈಲುತುತ್ತ ತರುವ ಹೊತ್ತಿಗೆ, ಆ ಹಾಳೆಯನ್ನು ಮತ್ತೆ ಅದೇ ತೋಟದವರ ಮುಂದಿಟ್ಟು ತಿದ್ದಿಸಿ.